ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಪೇಮೆಂಟ್ ಪೆಂಡಿಂಗ್, ಆರ್‌ಸಿ ಬಂಕ್‌ನಲ್ಲೇ ಉಳೀತು. ಈಗ ಏನು ಮಾಡಲಿ?

ಬಿಳಿಕಾರು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಭಾನುವಾರ ಹೊರನಾಡಿನಿಂದ ವಾಪಸ್ ಬರುತ್ತಿದ್ದೆವು. ನಾನು, ಹೆಂಡತಿ, ಅಮ್ಮ, ಹಿಂದಿನ ಸೀಟಲ್ಲಿ ನಿದ್ದೆ ಹೊಡೆಯುತ್ತಿದ್ದ ಮಗ. ಕಳಸ, ಕೊಟ್ಟಿಗೆಹಾರ ಎಲ್ಲಾ ದಾಟಿ ಮೂಡಿಗೆರೆ ಬಿಟ್ಟ ಮೇಲೆ ಪೆಟ್ರೋಲ್ ಮುಳ್ಳು ಕೆಂಪಿಗೆ ಬಂತು. ರಾತ್ರಿ ಒಂಬತ್ತೂಕಾಲು, ಮಳೆ ಬೇರೆ. ರಸ್ತೆ ಪಕ್ಕ ಒಂದು ಬಂಕ್ ಕಂಡಿತು, ಸದ್ಯ ಅಂದುಕೊಂಡು ನುಗ್ಗಿಸಿದೆ. ರೇನ್‌ಕೋಟ್ ಹಾಕಿದ್ದ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, "ಝೀರೋ ನೋಡ್ಕೊಳಿ ಸರ್" ಅಂದ. ನಾನು ಧಾರಾಳವಾಗಿ "ಫುಲ್ ಮಾಡಪ್ಪ" ಅಂದೆ. 3,094 ರೂಪಾಯಿ ಆಯಿತು.

ಸ್ಕ್ಯಾನ್ ಮಾಡಿದೆ, ಪಿನ್ ಹಾಕಿದೆ. ಚಕ್ರ ತಿರುಗಿತು, ತಿರುಗಿತು, ಆಮೇಲೆ 'ಪೆಂಡಿಂಗ್'. ಅಲ್ಲಿಗೆ ನೆಟ್‌ವರ್ಕ್ ಪೂರ್ತಿ ಹೋಯಿತು. ಅವರ ಸೌಂಡ್ ಬಾಕ್ಸ್ ತುಟಿ ಬಿಚ್ಚಲಿಲ್ಲ. ನನ್ನ ಜೇಬಲ್ಲಿ 140 ರೂಪಾಯಿ, ಅಮ್ಮನ ಕುಂಕುಮದ ಡಬ್ಬಿಯಲ್ಲಿ ಮಡಚಿಟ್ಟ 200ರ ಒಂದು ನೋಟು. ಮಿಕ್ಕಿದ್ದು ಹುಂಡಿಗೆ ಹೋಗಿತ್ತು. ಡೆಬಿಟ್ ಕಾರ್ಡ್ ಮನೆ ಬೀರುವಿನಲ್ಲಿ ಆರಾಮಾಗಿದೆ.

ಹುಡುಗ "ಫೋನ್ ಇಟ್ಟು ಹೋಗಿ ಸರ್, ದುಡ್ಡು ತಂದು ಬಿಡಿಸ್ಕೊಳಿ" ಅಂದ. ಅಲ್ಲಪ್ಪಾ, ಫೋನ್ ಇಟ್ಟು ಹೋದರೆ ದುಡ್ಡು ಕಳಿಸೋದು ಯಾವುದರಿಂದ? ವಾಚ್ ಬಿಚ್ಚಿ ಕೊಟ್ಟೆ. ಟಾರ್ಚ್ ಹಾಕಿ ತಿರುಗಿಸಿ ನೋಡಿ "ಇದು ಬೇಡ ಸರ್" ಅಂದ. ನಿಜ ಹೇಳ್ತೀನಿ, ಇಡೀ ರಾತ್ರಿಯಲ್ಲಿ ಜಾಸ್ತಿ ಅವಮಾನ ಆಗಿದ್ದು ಅಲ್ಲೇ. ಅಮ್ಮ ಸುಮ್ಮನಿರದೆ ಬಳೆ ತೆಗೆಯೋಕೆ ಹೋದರು, ಅವನೇ ಗಾಬರಿಯಾಗಿ "ಅಯ್ಯೋ ಬೇಡಮ್ಮಾ, ಬೇಡ" ಅಂದ. ಅವನ ಫೋನಿನಿಂದ ಬೆಂಗಳೂರಿನ ಸ್ನೇಹಿತನಿಗೆ ಕಾಲ್ ಮಾಡಿ, ಹುಡುಗನ ನಂಬರಿಗೇ ದುಡ್ಡು ಹಾಕಿಸ್ತೀನಿ ಅಂದರೆ ಅದಕ್ಕೂ ಒಪ್ಪಲಿಲ್ಲ. ಸ್ವಂತ ನಂಬರಿಗೆ ಹಾಕಿಸಿಕೊಂಡರೆ ಓನರ್ ಕೆಲಸದಿಂದ ತೆಗೀತಾರಂತೆ, ಹೋದ ವರ್ಷ ಒಬ್ಬನನ್ನು ತೆಗೆದರಂತೆ.

ಕೊನೆಗೆ ಕಾರಿನ ಆರ್‌ಸಿ ಕೊಟ್ಟು, ಅವರ ಸ್ಕ್ಯಾನರ್ ಫೋಟೋ ಹೊಡ್ಕೊಂಡು ಹೊರಟೆವು. ಬೇಲೂರು ಮುಟ್ಟಿದ ಮೇಲೆ ನೆಟ್‌ವರ್ಕ್ ಬಂತು. ಮೊದಲನೆಯದು ಇನ್ನೂ ಪೆಂಡಿಂಗ್. ಆ ಹುಡುಗ ಕಾಯ್ತಾ ಇರ್ತಾನಲ್ಲಾ ಅಂತ ಫೋಟೋ ಸ್ಕ್ಯಾನ್ ಮಾಡಿ ಇನ್ನೊಂದು ಸಲ 3,094 ಹಾಕಿದೆ. ತಕ್ಷಣ ಹೋಯಿತು. ಹಾಸನ ದಾಟುವಾಗ ಟಣ್ ಅಂತ ಮೆಸೇಜು: ಮೊದಲನೆಯದೂ ಸಕ್ಸಸ್!

ಈಗ ಒಟ್ಟು 6,188 ಹೋಗಿದೆ, ಆರ್‌ಸಿ ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿದೆ. ದುಡ್ಡು ವಾಪಸ್ ಹೇಗೆ? ಇನ್ನೊಂದು, ಹೀಗೆ ಆರ್‌ಸಿ ಇಟ್ಕೊಳ್ಳೋದು ಸರಿನಾ?

ಸ್ಪ್ಲೆಂಡರ್ ಸವಾರ
ವಾಚ್ ಯಾವುದು ಸರ್?

ಬಿಳಿಕಾರು
ಮದುವೆಯಲ್ಲಿ ಮಾವ ಕೊಟ್ಟಿದ್ದು. ದಯವಿಟ್ಟು ಈ ವಿಷಯ ಮುಂದುವರಿಸಬೇಡಿ.

ಕೋರಮಂಗಲ ಕೋಡರ್
ಅಣ್ಣಾ, ಮೊದಲನೆಯದು 'ಸಕ್ಸಸ್' ಅಂತ ಬಂದಿದ್ದರೆ ದುಡ್ಡು ಬಂಕ್ ಅಕೌಂಟಿಗೆ ಹೋಗಿದೆ ಅಂತಲೇ ಅರ್ಥ. ಬ್ಯಾಂಕಿಗೆ ಕಂಪ್ಲೇಂಟ್ ಕೊಟ್ಟು ಪ್ರಯೋಜನ ಇಲ್ಲ, ಬಂಕ್‌ನವರೇ ವಾಪಸ್ ಹಾಕಬೇಕು. ಎರಡೂ ಪೇಮೆಂಟಿನ 12 ಅಂಕಿಯ ಯುಟಿಆರ್ ನಂಬರ್ (ಪ್ರತಿ ಪೇಮೆಂಟಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ಬರೆದಿಟ್ಕೊಳ್ಳಿ. ಬಂಕ್‌ಗೆ ಫೋನ್ ಮಾಡಿ ಅದನ್ನೇ ಹೇಳಿ. "ಎರಡು ಸಲ ಹೋಯ್ತು" ಅಂತ ಬರೀ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ.

ಅದೇ, ನಿಮ್ಮ ಅಕೌಂಟಿಂದ ಕಟ್ಟಾಗಿ ಅಂಗಡಿಯವರಿಗೆ ಮುಟ್ಟದೇ ಇದ್ದಿದ್ದರೆ ಕಥೆ ಬೇರೆ. 2019ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿದೆ. ಅಂಗಡಿಗೆ ಮಾಡಿದ ಯುಪಿಐ ಪೇಮೆಂಟ್ ಹೀಗೆ ನಡುವೆ ಸಿಕ್ಕಿಕೊಂಡರೆ ಆ ದಿನ ಬಿಟ್ಟು ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು. ತಡ ಆದರೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ಪರಿಹಾರ ಕೊಡಬೇಕು.

ತುಮಕೂರು ತಟ್ಟೆ ಇಡ್ಲಿ
ಒಂದು ದಿನ ಅಲ್ವಾ? ನನಗೆ ಮರುದಿನವೇ ಬಂದಿತ್ತು.

ಕೋರಮಂಗಲ ಕೋಡರ್
ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಕ್ಕೆ ಒಂದು ದಿನ. ಅಂಗಡಿ ಪೇಮೆಂಟಿಗೆ ಐದು.

ಪಟ್ಟಾಭಿಷೇಕ
ಎರಡು ಸಲ ಕಟ್ಟಿದ್ದು ನಿಮ್ಮದೇ ತಪ್ಪು. ಪೆಂಡಿಂಗ್ ಇದ್ದಾಗ ಕಾಯಬೇಕಿತ್ತು. ಅದಿರಲಿ, ಮಲೆನಾಡಿಗೆ ಹೋಗೋರು ಕೈಯಲ್ಲಿ ಎರಡು ಸಾವಿರ ಕ್ಯಾಷ್ ಇಲ್ಲದೆ ಹೋಗ್ತಾರಾ? ನಮ್ಮಪ್ಪ ಇದ್ದಿದ್ದರೆ ಬೈತಾ ಇದ್ದರು.

ಬಿಳಿಕಾರು
ನಮ್ಮಮ್ಮ ಹಾಸನದಿಂದ ಬೆಂಗಳೂರಿನವರೆಗೂ ಬೈದಾಗಿದೆ ಸರ್, ನೀವು ಬಿಡಿ.

ಕಾಳಿಂಗ
ಆರ್‌ಸಿ ಕಿತ್ಕೊಳ್ಳೋಕೆ ಅವನ್ಯಾರು? ಪೊಲೀಸಾ? ನಾನಾಗಿದ್ದರೆ ಫೋನ್ ನಂಬರ್ ಕೊಟ್ಟು ಗಾಡಿ ಸ್ಟಾರ್ಟ್ ಮಾಡ್ತಿದ್ದೆ. ಗಿರಾಕಿನ ಕಳ್ಳನ ಥರ ನೋಡೋದು ಇವರಿಗೆ ಅಭ್ಯಾಸ ಆಗಿದೆ.

ಕ್ಯಾಷ್ ಕೌಂಟರ್
ಕಾಳಿಂಗ ಅವರೇ, ನಾನು ಹೈವೇ ಬಂಕ್ ಒಂದರಲ್ಲಿ ಆರು ವರ್ಷ ಕ್ಯಾಷಿಯರ್ ಆಗಿದ್ದೆ. ಒಂದೆರಡು ಮಾತು ಕೇಳಿ.

ಶಿಫ್ಟ್ ಶುರುವಾಗುವಾಗ ನಾಝಲ್ ಮೀಟರ್ ರೀಡಿಂಗ್ ಬರ್ಕೋತೀವಿ, ಮುಗಿಯುವಾಗ ಇನ್ನೊಂದು ಸಲ. ಎಷ್ಟು ಲೀಟರ್ ಹೋಗಿದೆಯೋ ಅಷ್ಟಕ್ಕೆ ರೇಟ್ ಕಟ್ಟಿ, ಅದರಲ್ಲಿ ಕ್ಯಾಷ್, ಕಾರ್ಡು, ಯುಪಿಐ ಎಲ್ಲಾ ಕಳೆದರೆ ಸೊನ್ನೆ ಬರಬೇಕು. ಬರದಿದ್ದರೆ 'ಶಾರ್ಟೇಜ್'. ಅದು ಹುಡುಗನ ತಲೆ ಮೇಲೆ. ಓನರ್‌ಗೆ ಒಂದು ಲೀಟರಿಗೆ ಸಿಗೋ ಕಮಿಷನ್ ನಾಲ್ಕು ರೂಪಾಯಿ ಆಚೀಚೆ. ಮೂರು ಸಾವಿರ ಮುಳುಗಿದರೆ ಅದನ್ನು ಎತ್ತೋಕೆ ಎಷ್ಟು ಲೀಟರ್ ಮಾರಬೇಕು ಲೆಕ್ಕ ಹಾಕಿ. ಹಾಗಾಗಿ ಓನರ್ ಅದನ್ನು ಸಂಬಳದಲ್ಲಿ ಹಿಡೀತಾರೆ. ಸರಿಯೋ ತಪ್ಪೋ, ನಾನು ಕೆಲಸ ಮಾಡಿದ ಕಡೆ ನಡೀತಿದ್ದದ್ದು ಹಾಗೆ. ನನ್ನದೇ ಒಂದು ಸಲ 1,500 ಹಿಡಿದಿದ್ದರು. ಬೈಕ್ ಹುಡುಗರು ಹಳೇ ಸ್ಕ್ರೀನ್‌ಶಾಟ್ ತೋರಿಸಿ 'ಹೋಯ್ತು ನೋಡಿ' ಅಂತ ಹೋಗಿಬಿಟ್ಟಿದ್ದರು. ಆಗ ಸೌಂಡ್ ಬಾಕ್ಸ್ ಇರಲಿಲ್ಲ.

ಇನ್ನು ಅಡ ಇಟ್ಟುಕೊಳ್ಳೋದು. ನನ್ನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಏನೇನಿತ್ತು ಗೊತ್ತಾ? ಮೂರು ವಾಚು, ಕಾಲೇಜಿನ ಐಡಿ ಕಾರ್ಡು, ಚಾರ್ಜ್ ಇಲ್ಲದ ಎರಡು ಫೋನು, ತೊಳೆದಿಟ್ಟ ಟಿಫನ್ ಕ್ಯಾರಿಯರ್ ಒಂದು. ಮೂಲೆಯಲ್ಲಿ ಒಂದು ಸ್ಟೆಪ್ನಿ. ಒಂದು ಕನ್ನಡಕ ಕೂಡ ಇತ್ತು, ದಪ್ಪ ಗಾಜಿಂದು. ಅದನ್ನು ಇಟ್ಟು ಹೋದ ಮನುಷ್ಯ ಗಾಡಿ ಹೇಗೆ ಓಡಿಸಿಕೊಂಡು ಹೋದನೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ನೂರಿಪ್ಪತ್ತು ರೂಪಾಯಿಗೆ.

ಸ್ಪ್ಲೆಂಡರ್ ಸವಾರ
ಬಂದು ಬಿಡಿಸ್ಕೊಂಡನಾ?

ಕ್ಯಾಷ್ ಕೌಂಟರ್
ನಾನು ಕೆಲಸ ಬಿಡೋವರೆಗೂ ಬಂದಿರಲಿಲ್ಲ.

ಕಾಳಿಂಗ
ಹುಡುಗನ ಸಂಬಳಕ್ಕೆ ಕತ್ತರಿ ಹಾಕೋದು ಓನರ್ ತಪ್ಪು. ಅದಕ್ಕೆ ಗಿರಾಕಿ ಯಾಕೆ ಆರ್‌ಸಿ ಕೊಡಬೇಕು?

ಕ್ಯಾಷ್ ಕೌಂಟರ್
ಪೆಟ್ರೋಲ್ ಹೋಗಿದ್ದು ಗಿರಾಕಿ ಟ್ಯಾಂಕಿಗೆ ತಾನೇ, ಅದಕ್ಕೆ.

ಕರಿಕೋಟು
ವೃತ್ತಿಯಲ್ಲಿ ವಕೀಲ, ಹಾಗಾಗಿ ಬಾಯಿ ಹಾಕ್ತೀನಿ. ಇಂಥ ಜಗಳ ಆದಾಗಲೆಲ್ಲಾ "420 ಕೇಸ್ ಹಾಕ್ತೀನಿ" ಅಂತ ಯಾರಾದರೂ ಕೂಗೇ ಕೂಗ್ತಾರೆ. ಮೊದಲನೆಯದಾಗಿ, ಈಗ 420 ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ ಅದರಲ್ಲಿ 318ನೇ ಕಲಂ. ಎರಡನೆಯದು, ವಂಚನೆ ಅನ್ನಬೇಕಾದರೆ ಪೆಟ್ರೋಲ್ ಹಾಕಿಸುವಾಗಲೇ ಕೊಡಬಾರದು ಅನ್ನೋ ಉದ್ದೇಶ ಇರಬೇಕು. ದುಡ್ಡು ಇದೆ ಅಂತ ನಂಬಿ ಹಾಕಿಸಿ, ನೆಟ್‌ವರ್ಕ್ ಕೈಕೊಟ್ಟು ನಿಂತವನು ಸಾಲಗಾರ, ಕಳ್ಳ ಅಲ್ಲ. ನಂಬರ್ ಪ್ಲೇಟ್‌ಗೆ ಮಣ್ಣು ಬಳ್ಕೊಂಡು ಬಂದು ಹಾಕಿಸಿ ಓಡಿದರೆ ಬೇರೆ.

ಆರ್‌ಸಿ ವಿಷಯಕ್ಕೆ ಬಂದರೆ, ಸರಕು ಮಾರಾಟ ಕಾಯ್ದೆ 1930ರಲ್ಲಿ ದುಡ್ಡು ಬರದ ಮಾರಾಟಗಾರ ಸರಕು ಹಿಡಿದಿಟ್ಟುಕೊಳ್ಳಬಹುದು ಅಂತ ಇದೆ. ಆದರೆ ಸರಕು ಇನ್ನೂ ಅವನ ಕೈಯಲ್ಲಿದ್ದರೆ ಮಾತ್ರ. ಪೆಟ್ರೋಲ್ ನಿಮ್ಮ ಟ್ಯಾಂಕಿಗೆ ಬಿದ್ದ ಮೇಲೆ ಅವನ ಕೈ ದಾಟಿತು. ಅದರ ಬದಲಿಗೆ ಕಾರಿನ ಕೀ ಕಿತ್ತುಕೊಳ್ಳೋಕೆ ಆ ಕಾಯ್ದೆಯಲ್ಲಿ ದಾರಿ ಇಲ್ಲ. ನೀವಾಗಿ ಒಪ್ಪಿ ಏನಾದರೂ ಕೊಟ್ಟರೆ ಅದು ನಿಮ್ಮಿಬ್ಬರ ಮಾತು. ಬಿಳಿಕಾರು ಅವರು ಒಪ್ಪಿ ಕೊಟ್ಟಿದ್ದಾರೆ. ಈಗ ದುಡ್ಡು ಮುಟ್ಟಿದೆ, ಅವರು ವಾಪಸ್ ಕೊಡಲೇಬೇಕು.

ಗಣೇಶನ ಗುಡ್ಡ
ಆರ್‌ಸಿ ಇಲ್ಲದೆ ಪೊಲೀಸರು ಹಿಡಿದರೆ?

ಕರಿಕೋಟು
ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೆ ಸಾಕು. 2018ರಿಂದ ಅದು ಅಸಲಿಗೆ ಸಮ. ಗ್ಯಾಲರಿಯಲ್ಲಿರೋ ಫೋಟೋ ತೋರಿಸಿದರೆ ನಡೆಯಲ್ಲ, ಆ್ಯಪ್ ಒಳಗೇ ತೋರಿಸಬೇಕು.

ಸ್ಪ್ಲೆಂಡರ್ ಸವಾರ
ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಹಿಡಿದರೆ?

ಕರಿಕೋಟು
ಮಾರಾಯ್ರೇ.

ಬೆಳಗಿನ ಬಸ್
ಆರ್‌ಸಿ ಕೊಟ್ಟಿದ್ದೇ ವಾಸಿ. ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು ಹೇಳ್ತೀನಿ. ಸ್ಕೂಟರ್‌ಗೆ 200 ರೂಪಾಯಿ ಪೆಟ್ರೋಲ್ ಹಾಕಿಸಿ ಹೀಗೇ ಸಿಕ್ಕಿಹಾಕಿಕೊಂಡಿದ್ದೆ, ಬ್ಯಾಂಕ್ ಸರ್ವರ್ ಡೌನ್ ಅಂತ ಬರ್ತಿತ್ತು. ಹುಡುಗ ಒಳ್ಳೆಯವನ ಥರಾನೇ "ನಂಬರ್ ಕೊಟ್ಟು ಹೋಗಿ ಮೇಡಂ" ಅಂದ. ಕೊಟ್ಟೆ. ಮನೆಗೆ ಹೋಗಿ ದುಡ್ಡು ಹಾಕಿದೆ. ಆಮೇಲೆ ಹದಿನೈದು ದಿನ ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಜೊತೆ 'ಶುಭೋದಯ'. ಬ್ಲಾಕ್ ಮಾಡಿದೆ, ಇನ್ನೊಂದು ನಂಬರಿಂದ ಬಂತು. ಈಗ ಆ ದಾರಿಯಲ್ಲೇ ಹೋಗಲ್ಲ. ನಂಬರ್ ಕೇಳಿದರೆ ಅಪ್ಪನದ್ದೋ ಅಣ್ಣನದ್ದೋ ಕೊಡಿ.

ಕಾಳಿಂಗ
ನೋಡಿದ್ರಾ? ನಾನು ಹೇಳಿದ್ದು ಇದನ್ನೇ.

ಬೆಳಗಿನ ಬಸ್
ಇಲ್ಲ, ನೀವು ಹೇಳಿದ್ದು ನಂಬರ್ ಕೊಟ್ಟು ಗಾಡಿ ಸ್ಟಾರ್ಟ್ ಮಾಡ್ತೀನಿ ಅಂತ.

ಗಿರ್ಮಿಟ್
ನಮ್ಮ ಹುಬ್ಬಳ್ಳಿ ಕಡೆ ಲಾರಿಯವರಿಗೆ ಈಗಲೂ ಉದ್ರಿ ನಡೀತದ ರೀ. ಟ್ರಾನ್ಸ್‌ಪೋರ್ಟ್ ಆಫೀಸಿನ ಚೀಟಿ ತೋರಿಸಿದರೆ ಡೀಸೆಲ್ ಹಾಕ್ತಾರೆ, ತಿಂಗಳ ಕೊನೆಗೆ ಲೆಕ್ಕ. ಕಾರಿನವರಿಗೆ ಮಾತ್ರ ಗೋಡೆ ಮ್ಯಾಲೆ ಬೋರ್ಡು: "ಇಂದು ರೊಕ್ಕ, ನಾಳೆ ಉದ್ರಿ". ಅದನ್ನು ಓದಿ ನಮ್ಮ ಕಾಕಾ ಮರುದಿನ ಹೋಗಿ "ನಿನ್ನೆ ನಾಳೆ ಅಂದಿದ್ರಿ, ಬಂದೀನಿ" ಅಂದಿದ್ದರು. ಬಂಕಿನವರು ಚಹಾ ಕುಡಿಸಿ ಕಳಿಸಿದರು, ಪೆಟ್ರೋಲ್ ಹಾಕಲಿಲ್ಲ.

ಕಾವೇರಿ ಟು ಥೇಮ್ಸ್
ನಾನಿರೋದು ಇಂಗ್ಲೆಂಡಿನಲ್ಲಿ. ಇಲ್ಲಿ ನಾವೇ ಹಾಕ್ಕೊಂಡು ಆಮೇಲೆ ಒಳಗೆ ಹೋಗಿ ದುಡ್ಡು ಕೊಡೋದು ಜಾಸ್ತಿ. ಬಂದ ಹೊಸದರಲ್ಲಿ ಒಂದು ಸಲ ಟ್ಯಾಂಕ್ ತುಂಬಿಸಿ ಒಳಗೆ ಹೋದೆ, ಪರ್ಸ್ ಇಲ್ಲ. ಬೆವರು ಕಿತ್ತುಕೊಂಡು ಬಂತು. ಕೌಂಟರಿನ ಹೆಂಗಸು ತಲೆ ಎತ್ತದೆ ಒಂದು ಫಾರಂ ಮುಂದಿಟ್ಟಳು. ಹೆಸರು, ವಿಳಾಸ, ಗಾಡಿ ನಂಬರ್ ತುಂಬಿಸಿ ಸಹಿ ಹಾಕಿ, ಏಳು ದಿನದೊಳಗೆ ಕಟ್ಟಿ ಅಂದಳು. ಏನೂ ಅಡ ಇಲ್ಲ. ಯಾಕಂದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದಾಗಿರುತ್ತೆ. ಬೇಕಂತಲೇ ಕೊಡದೆ ಓಡಿದರೆ ಅದಕ್ಕೇ ಅಂತ 1978ರ ಕಳ್ಳತನ ಕಾಯ್ದೆಯಲ್ಲಿ ಒಂದು ಕಲಂ ಇದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತಿದ್ದೆ.

ಗಿರ್ಮಿಟ್
ಆ ಫಾರಂ ಇಲ್ಲಿ ಇಟ್ಟರೆ ಮೊದಲ ದಿನವೇ ಖಾಲಿ ಆಗ್ತದ.

ಪಟ್ಟಾಭಿಷೇಕ
ಎಲ್ಲದಕ್ಕೂ ನಮ್ಮ ಜನರನ್ನೇ ಬೈಬೇಡಿ. ಓಡಿ ಹೋಗೋರು ಎಲ್ಲಾ ದೇಶದಲ್ಲೂ ಇದ್ದಾರೆ, ಇಲ್ಲದಿದ್ದರೆ ಅಲ್ಲಿ ಕಾನೂನು ಯಾಕೆ ಬೇಕಿತ್ತು?

ತುಮಕೂರು ತಟ್ಟೆ ಇಡ್ಲಿ
ಯುಪಿಐ ಲೈಟ್ ಇಟ್ಕೊಳ್ಳಿ ಸರ್, ಆ್ಯಪ್‌ನಲ್ಲೇ ಸ್ವಲ್ಪ ದುಡ್ಡು ಮೊದಲೇ ತುಂಬಿಟ್ಟುಕೊಳ್ಳೋದು. ನೆಟ್‌ವರ್ಕ್ ಇಲ್ಲದೇನೂ ಹೋಗುತ್ತೆ.

ಕೋರಮಂಗಲ ಕೋಡರ್
ತಪ್ಪು. ಯುಪಿಐ ಲೈಟ್‌ಗೆ ಪಿನ್ ಬೇಡ ಅಷ್ಟೇ, ನಿಮ್ಮ ಫೋನಿಗೆ ಇಂಟರ್ನೆಟ್ ಬೇಕೇ ಬೇಕು. ಬ್ಯಾಂಕ್ ಸರ್ವರ್ ಮಲಗಿದಾಗ ಅದು ಕೈ ಹಿಡಿಯುತ್ತೆ, ಸಿಗ್ನಲ್ ಮಲಗಿದಾಗ ಅಲ್ಲ. ಅದೂ ಅಲ್ಲದೆ ಒಂದು ಸಲಕ್ಕೆ ಸಾವಿರ ದಾಟಲ್ಲ. ಪೂರ್ತಿ ಆಫ್‌ಲೈನ್ ಬೇಕಂದರೆ ಲೈಟ್ ಎಕ್ಸ್ ಅಂತ ಬೇರೆ ಇದೆ, ಅದಕ್ಕೆ ಎರಡೂ ಕಡೆ ಎನ್‌ಎಫ್‌ಸಿ (ಫೋನ್ ಹತ್ತಿರ ಹಿಡಿದು ದುಡ್ಡು ಕಳಿಸೋ ಸೌಲಭ್ಯ) ಇರಬೇಕು. ನಾನಂತೂ ಯಾವ ಬಂಕ್‌ನಲ್ಲೂ ನೋಡಿಲ್ಲ.

*99# ಡಯಲ್ ಮಾಡಬಹುದಿತ್ತು. ಇಂಟರ್ನೆಟ್ ಬೇಡ, ಮಾಮೂಲಿ ಕಾಲ್ ಹೋಗುವಷ್ಟು ಸಿಗ್ನಲ್ ಸಾಕು. 5,000ದವರೆಗೆ ಹೋಗುತ್ತೆ. ಆದರೆ ಬ್ಯಾಂಕಿಗೆ ಕೊಟ್ಟ ಸಿಮ್‌ನಿಂದಲೇ ಮಾಡಬೇಕು.

ಬಿಳಿಕಾರು
ನನ್ನ ಸಿಮ್‌ಗೆ ಒಂದು ಕಡ್ಡಿಯೂ ಇರಲಿಲ್ಲ. ಬಿಎಸ್‌ಎನ್‌ಎಲ್ ಇದ್ದಿದ್ದು ಆ ಹುಡುಗನ ಹತ್ತಿರ ಮಾತ್ರ.

ಮಲೆನಾಡ ಮಳೆ
ನಾನು ಅದೇ ಕಡೆಯವನು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸ್ವಲ್ಪ ಹೊತ್ತಿಗೆ ಹೋಗುತ್ತೆ, ಇದು ನಮಗೆ ಹೊಸದಲ್ಲ. ನಮ್ಮೂರಲ್ಲಿ ಎಲ್ಲರ ಜೇಬಲ್ಲೂ ನೋಟು ಇರುತ್ತೆ. ವೀಕೆಂಡ್ ಬರೋ ಬೆಂಗಳೂರಿನವರು ಎಳನೀರಿಗೂ ಫೋನ್ ಎತ್ತಿ ಆಕಾಶಕ್ಕೆ ತೋರಿಸ್ತಾ ನಿಂತಿರ್ತಾರೆ. ಆ ಹುಡುಗ ವಾಚ್ ಬೇಡ ಅಂದಿದ್ದು ಅವಮಾನ ಮಾಡೋಕಲ್ಲ. ವಾಚ್ ಕೊಟ್ಟವರು ಬರಲ್ಲ, ಆರ್‌ಸಿ ಕೊಟ್ಟವರು ಬಂದೇ ಬರ್ತಾರೆ. ಅವನಿಗೆ ಲೆಕ್ಕ ಗೊತ್ತು.

ಹೊಸ ಫೋನು
ಹೊಸ ಫೋನ್ ತಗೊಂಡವರಿಗೆ ಒಂದು ಎಚ್ಚರಿಕೆ. ಫೋನ್ ಬದಲಾಯಿಸಿ ಯುಪಿಐ ಹೊಸದಾಗಿ ಶುರು ಮಾಡಿದರೆ ಮೊದಲ 24 ಗಂಟೆ 5,000ಕ್ಕಿಂತ ಜಾಸ್ತಿ ಕಳಿಸೋಕೆ ಬಿಡಲ್ಲ. ಬೆಳಿಗ್ಗೆ ಮಗಳ ಟ್ಯೂಷನ್ ಫೀಸ್ 4,500 ಹಾಕಿದ್ದೆ, ಸಂಜೆ ಬಂಕ್‌ನಲ್ಲಿ ಸಾವಿರದ ಪೆಟ್ರೋಲ್ ಹಾಕಿಸಿ ಸ್ಕ್ಯಾನ್ ಮಾಡಿದರೆ ಲಿಮಿಟ್ ಮುಗೀತು ಅಂತು. ಅಕೌಂಟಲ್ಲಿ ದುಡ್ಡಿದೆ, ಸಿಗ್ನಲ್ ಇದೆ, ಕೊಡೋಕೆ ಮನಸ್ಸೂ ಇದೆ. ಹಿಂದೆ ಆಟೋದವನು ಹಾರ್ನ್ ಮೇಲೆ ಹಾರ್ನ್. ಕೊನೆಗೆ ಅವನೇ 500 ಕೊಟ್ಟ, ಉಳಿದ 500 ಸ್ಕ್ಯಾನ್ ಆಯಿತು.

ಗಣೇಶನ ಗುಡ್ಡ
2025ರ ಏಪ್ರಿಲ್ 12 ನೆನಪಿದೆಯಾ? ಶನಿವಾರ. ದೇಶದಲ್ಲೆಲ್ಲಾ ಯುಪಿಐ ಕೈಕೊಟ್ಟಿತ್ತು. ನಾನು ಬಂಕ್ ಕ್ಯೂನಲ್ಲಿದ್ದೆ, ನನ್ನ ಮುಂದೆ ಹಾಕಿಸಿಕೊಂಡ ಏಳೆಂಟು ಜನ ಫೋನ್ ಹಿಡ್ಕೊಂಡು ಗಾಳಿ ತುಂಬೋ ಜಾಗದ ಹತ್ತಿರ ಗುಂಪಾಗಿ ನಿಂತಿದ್ದರು, ಸ್ಕೂಲಲ್ಲಿ ಹೋಂವರ್ಕ್ ಮಾಡದವರನ್ನು ಹೊರಗೆ ನಿಲ್ಲಿಸಿದ ಹಾಗೆ.

ಹಳೇ ನೋಟು
ನನಗೆ 2016ರ ನವೆಂಬರ್ ನೆನಪು. ಹಳೇ 500ರ ನೋಟು ಬಂಕ್‌ನಲ್ಲಿ ತಗೋತಿದ್ದರು, ಚಿಲ್ಲರೆ ಮಾತ್ರ ಕೊಡ್ತಿರಲಿಲ್ಲ. ನನ್ನ ಬೈಕಿಗೆ 500ರಷ್ಟು ಪೆಟ್ರೋಲ್ ಹಿಡೀತಾನೇ ಇರಲಿಲ್ಲ. ಉಳಿದದ್ದನ್ನು ಗುರುತಿಲ್ಲದ ಇನ್ನೊಬ್ಬರ ಬೈಕಿಗೆ ಹಾಕಿಸಿದೆ, ಅವರು ನನಗೆ ನೂರರ ನೋಟು ಕೊಟ್ಟರು.

ತುಮಕೂರು ತಟ್ಟೆ ಇಡ್ಲಿ
ಈಗ ಉಲ್ಟಾ. 2025ರ ಜುಲೈನಲ್ಲಿ ಬೆಂಗಳೂರಲ್ಲಿ ಜಿಎಸ್‌ಟಿ ನೋಟಿಸ್ ಬಂತು ಅಂತ ಸಣ್ಣ ಅಂಗಡಿಯವರೆಲ್ಲಾ 'ನೋ ಯುಪಿಐ, ಓನ್ಲಿ ಕ್ಯಾಷ್' ಬೋರ್ಡ್ ಹಾಕಿದರು. ಬಂಕ್‌ನವರೂ ಜಿಎಸ್‌ಟಿಗೆ ಹೆದರಿ ನಾಳೆ ಅದನ್ನೇ ಮಾಡ್ತಾರೆ.

ಪಟ್ಟಾಭಿಷೇಕ
ಪೆಟ್ರೋಲ್‌ಗೆ ಜಿಎಸ್‌ಟಿನೇ ಇಲ್ಲ ಸ್ವಾಮಿ.

ತುಮಕೂರು ತಟ್ಟೆ ಇಡ್ಲಿ
ಅದಕ್ಕೇ ಲೀಟರಿಗೆ ನೂರು ದಾಟಿರೋದು.

ಕ್ಯಾಷ್ ಕೌಂಟರ್
ಬಂಕ್‌ನವರಿಗೆ ಜಿಎಸ್‌ಟಿ ಭಯ ಇಲ್ಲ, ಬೇರೆ ಭಯ ಇದೆ. ಸೈಬರ್ ಕಳ್ಳರು ಯಾರದ್ದೋ ದುಡ್ಡು ಹೊಡೆದು ಅದರಲ್ಲೇ ಪೆಟ್ರೋಲ್ ಹಾಕಿಸ್ತಾರೆ. ಪೊಲೀಸರು ದುಡ್ಡಿನ ಜಾಡು ಹಿಡಿದು ಬಂದು ಬಂಕ್ ಅಕೌಂಟನ್ನೇ ಫ್ರೀಜ್ ಮಾಡಿಸ್ತಾರೆ. ಮಹಾರಾಷ್ಟ್ರದಲ್ಲಿ 2025ರ ಮೇನಲ್ಲಿ ಕೆಲವು ಊರಿನ ಬಂಕ್ ಮಾಲೀಕರು ಇದೇ ಕಾರಣಕ್ಕೆ ಯುಪಿಐ ನಿಲ್ಲಿಸ್ತೀವಿ ಅಂತ ಎದ್ದು ನಿಂತಿದ್ದರು.

ವೇದಿಕೆ ನಿರ್ವಾಹಕ
ಜಿಎಸ್‌ಟಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಬಿಳಿಕಾರು ಅವರೇ, ಕೊನೆಗೆ ಏನಾಯಿತು?

ಬಿಳಿಕಾರು
ಬಂದೆ ಬಂದೆ. ಬಂಕ್‌ಗೆ ಫೋನ್ ಮಾಡಿದೆ. ಮೊದಲ ದಿನ ಫೋನ್ ಎತ್ತಿದವರು "ಎರಡು ಸಲ ಬಂದಿಲ್ಲ, ನಮ್ಮ ಲೆಕ್ಕ ಸರಿ ಇದೆ" ಅಂತ ಇಟ್ಟುಬಿಟ್ಟರು. ಎರಡನೇ ದಿನ ಕೋರಮಂಗಲ ಅವರು ಹೇಳಿದ ಹಾಗೆ ಎರಡೂ ಯುಟಿಆರ್ ನಂಬರ್ ಓದಿ ಹೇಳಿದೆ. ವಿಷಯ ಏನಪ್ಪಾ ಅಂದರೆ, ಮೊದಲನೆಯದು ಅವರ ಅಕೌಂಟಿಗೆ ಬಿದ್ದಿದ್ದು ಮರುದಿನದ ಲೆಕ್ಕದಲ್ಲಿ. ಆ ಶಿಫ್ಟಿನವನಿಗೆ 3,094 ಜಾಸ್ತಿ ಬಂದಿದೆ, ಯಾರದ್ದು ಅಂತ ಗೊತ್ತಾಗದೆ ಪಕ್ಕಕ್ಕೆ ಇಟ್ಟಿದ್ದಾರೆ. ಗುರುವಾರ ಓನರ್ ವಾಪಸ್ ಹಾಕಿದರು. ಸಾರಿ ಗೀರಿ ಏನೂ ಇಲ್ಲ, "ಬಂತಾ ನೋಡಿ" ಅಂದರು ಅಷ್ಟೇ.

ಕಾಳಿಂಗ
ಜಾಸ್ತಿ ಬಂದರೆ ಪಕ್ಕಕ್ಕೆ, ಕಮ್ಮಿ ಬಂದರೆ ಸಂಬಳಕ್ಕೆ. ಚೆನ್ನಾಗಿದೆ ಲೆಕ್ಕ.

ಕ್ಯಾಷ್ ಕೌಂಟರ್
ಇದೊಂದು ಮಾತು ಒಪ್ಪಿದೆ ಕಾಳಿಂಗ ಅವರೇ.

ಸ್ಪ್ಲೆಂಡರ್ ಸವಾರ
ಆರ್‌ಸಿ?

ಬಿಳಿಕಾರು
ಅಲ್ಲೇ ಇದೆ. ಕೊರಿಯರ್ ಮಾಡ್ತೀರಾ ಅಂದರೆ "ಕಳೆದುಹೋದರೆ ನಮ್ಮ ತಲೆ ಮೇಲೆ ಬರುತ್ತೆ, ನೀವೇ ಬನ್ನಿ" ಅಂತಾರೆ. ಅದಕ್ಕೋಸ್ಕರ ಹೋಗಿ ಬರೋಕೆ ಇನ್ನೊಂದು ಟ್ಯಾಂಕ್ ಪೆಟ್ರೋಲ್ ಬೇಕು.

ಬೆಟ್ಟದ ಬುಲೆಟ್
ಶನಿವಾರ ದೇವರಮನೆಗೆ ಬೈಕಲ್ಲಿ ಹೋಗ್ತಾ ಇದ್ದೀನಿ, ಅದೇ ರಸ್ತೆ. ಯಾವ ಬಂಕ್ ಅಂತ ಖಾಸಗಿ ಮೆಸೇಜ್ ಹಾಕಿ, ತಂದುಕೊಡ್ತೀನಿ. ನಿಮ್ಮದೊಂದು ಸಹಿ ಮಾಡಿದ ಚೀಟಿ ಇದ್ದರೆ ಒಳ್ಳೆಯದು.

ಬಿಳಿಕಾರು
ದೊಡ್ಡ ಉಪಕಾರ ಆಯಿತು. ಚೀಟಿ ಕಳಿಸ್ತೀನಿ, ಓನರ್‌ಗೂ ಹೇಳಿಡ್ತೀನಿ. ಒಂದೇ ಒಂದು ವಿಷಯ, ಡ್ರಾಯರ್ ಕೀ ಆ ಹುಡುಗನ ಹತ್ತಿರಾನೇ ಇರುತ್ತಂತೆ, ಅವನದು ರಾತ್ರಿ ಶಿಫ್ಟ್, ಎಂಟಕ್ಕೆ ಬರ್ತಾನೆ. ಹಗಲು ಹೋದರೆ ಸಿಗಲ್ಲ.

ಬೆಟ್ಟದ ಬುಲೆಟ್
ಸರಿ, ವಾಪಸ್ ಬರುವಾಗ ಎಂಟೂವರೆ ಹೊತ್ತಿಗೆ ಹೋಗ್ತೀನಿ. ಮಲೆನಾಡ ಮಳೆ ಅವರೇ, ಈಗ ಅಲ್ಲಿ ಹೇಗಿದೆ?

ಮಲೆನಾಡ ಮಳೆ
ಮಧ್ಯಾಹ್ನದಿಂದ ಹುಯ್ಯುತ್ತಾನೇ ಇದೆ. ಕರೆಂಟ್ ಇಲ್ಲ. ಈ ಮೆಸೇಜ್ ಹೋದರೆ ಹೋಯಿತು.